ಎಂಟನೇ ನಂಬರಿನ ಕಾರು

ಕೆರೊಲಿನಾದ ಆ ಸಣ್ಣ ರೇಸ್ ಟ್ರ್ಯಾಕಿನಲ್ಲಿ ಬೆಳಿಗ್ಗೆಯೇ ಬಂದು ಬೆಂಚಿನ ಮೇಲೆ ಕಂಬಳಿ ಹಾಸಿ ಹೋದರೆ ಜಾಗ ನಿಮ್ಮದು. ಹಾಯ್ಟ್ ಸಿಸ್ಕ್ ಹತ್ತೊಂಬತ್ತು ವರ್ಷದಿಂದ ಒಂದೇ ಕಡೆ ಹಾಸುತ್ತಿದ್ದ. ಸರಿಯಾಗಿ ಅವನ ಮುಂದಿನ ಸಾಲಿನಲ್ಲಿ ವರ್ನಾ ಹಾಸುತ್ತಿದ್ದಳು. ಅವನ ಜೀವವೆಲ್ಲ ನಲವತ್ತೊಂದನೇ ನಂಬರಿನ ಕಾರು ಓಡಿಸುವ ಕಾಲ್ವಿನ್ ಮೇಲೆ. ಅವಳದು ಎಂಟನೇ ನಂಬರಿನ ಕಾರಿನ ಮೇಲೆ. ಇಬ್ಬರೂ ಹಾವು ಮುಂಗುಸಿ.

ಈ ವಾರ ಕಾಲ್ವಿನ್ ಹಳೆಯ ತಂಡಕ್ಕೆ ಕೈಕೊಟ್ಟು ಎಂಟನೇ ನಂಬರಿನ ಕಾರು ಹತ್ತಿದ್ದ.

"ಏನಪ್ಪಾ ಹಾಯ್ಟ್, ನಲವತ್ತೊಂದರ ಹಳೇ ಟೋಪಿ ಇನ್ನೂ ತಲೆ ಮೇಲೇ ಇದ್ಯಲ್ಲ?" ವರ್ನಾ ಕೆಣಕಿದಳು. "ನಿನ್ ದೇವ್ರೇ ಬಂದು ನಮ್ ಬಾಗ್ಲು ತಟ್ದ."

"ನಿಮ್ಮೋರಲ್ಲಿ ಒಬ್ಬನಿಗೂ ಓಡ್ಸೋಕೆ ಬರಲ್ಲ. ಅದಕ್ಕೇ ಕಾಲು ಹಿಡಿದು ಕರ್ಕೊಂಡ್ ಹೋದ್ರಿ" ಎಂದು ಹಾಯ್ಟ್ ಬೇಯಿಸಿದ ಕಡಲೆಕಾಯಿಯ ಸಿಪ್ಪೆಯನ್ನು ಅವಳ ಕಂಬಳಿಯ ಮೇಲೆಯೇ ಉಗಿದ.

ರೇಸ್ ಶುರುವಾಗಿ ಎಂಟನೇ ನಂಬರಿನ ಕಾರು ಎದುರಿಗೆ ಬಂತು. ಹಾಯ್ಟ್ ಎದ್ದು ನಿಂತು ಗಂಟಲು ಹರಿಯುವಂತೆ ಕೂಗಿದ: "ಥೂ, ದ್ರೋಹಿ!"

ಅದೇ ಹೊತ್ತಿಗೆ ವರ್ನಾಳೂ ಎದ್ದಿದ್ದಳು. "ಇಳಿಯೋ ನಮ್ ಕಾರಿಂದ! ಹೋದ್ವರ್ಷ ನಮ್ ಹುಡುಗನ್ನ ಗೋಡೆಗೆ ಗುದ್ದಿಸ್ದೋನು ನೀನೇ ಅಲ್ವಾ!"

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು.

"ಏಯ್, ನಮ್ ಕಾಲ್ವಿನ್‌ಗೆ ಬೈಯೋಕೆ ನೀನ್ಯಾರೇ?"

"ನಮ್ ಕಾರಿಗೆ ಥೂ ಅನ್ನೋಕೆ ನೀನ್ಯಾರೋ?"

ಕಾಲ್ವಿನ್ ಗೆದ್ದ. ಚಪ್ಪಾಳೆ ಹೊಡೆಯಲು ಆ ಇಬ್ಬರಿಗೂ ಕೈ ಬಿಡುವಿರಲಿಲ್ಲ. ಒಬ್ಬರ ಟೋಪಿ ಇನ್ನೊಬ್ಬರ ಮುಷ್ಟಿಯಲ್ಲಿತ್ತು.