ಕೆರೆ ನೀರಿನ ಒಂದು ಹನಿ

ನಾನು ಒಂದು ಸೂಕ್ಷ್ಮದರ್ಶಕ. ಅಂಬಾಲದ ಒಂದು ಸಣ್ಣ ಕಾರ್ಖಾನೆಯಲ್ಲಿ ಗಾಜು ಉಜ್ಜಿ ಉಜ್ಜಿ ನನಗೆ ಕಣ್ಣು ಕೊಟ್ಟರು. ಅಲ್ಲಿಂದ ರೈಲು ಹತ್ತಿ, ಚಕ್ಕಡಿ ಹತ್ತಿ, ಗದಗ ಸೀಮೆಯ ಒಂದು ಹೈಸ್ಕೂಲಿಗೆ ಬಂದೆ. ಒಡೆದೀತೆಂದು ಹೆದರಿ ಹೆಡ್‌ಮಾಸ್ತರರು ಅಂದೇ ನನ್ನನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ನೋಡಲೆಂದೇ ಹುಟ್ಟಿದ ನನಗೆ ಆರು ವರ್ಷ ಕತ್ತಲೆಯೇ ಗತಿಯಾಯಿತು.

ಹಳ್ಯಾಳ ಮಾಸ್ತರರು ವಿಜ್ಞಾನ ಕಲಿಸಲು ಬಂದ ಮೇಲೆ ಕಪಾಟು ತೆರೆಯಿತು. ಹುಡುಗರು ಸಾಲಾಗಿ ಇಣುಕಿ ಹೋದರು. ಪರೀಕ್ಷೆಗೆ ಬರುತ್ತದೋ ಇಲ್ಲವೋ ಎಂಬುದಷ್ಟೇ ಅವರ ಚಿಂತೆ. ಕಸ ಗುಡಿಸುವ ನೀಲಗಂಗವ್ವ ಮಾತ್ರ ಕಸಬರಿಗೆ ಹಿಡಿದು ನಿಂತೇ ಇದ್ದಳು.

"ಸರ್, ನಾ ಒಂದ್ಸಲ ನೋಡ್ಲ್ಯಾ?"

ಮಾಸ್ತರರು ಈರುಳ್ಳಿಯ ಪೊರೆ ಇಟ್ಟು ತೋರಿಸಿದರು.

"ಅಯ್ಯ ಶಿವನ! ಉಳ್ಳಾಗಡ್ಡ್ಯಾಗ ಯಾರೋ ಇಟ್ಟಂಗಿ ಗ್ವಾಡಿ ಕಟ್ಯಾರಲ್ರೀ!"

ಅಂದಿನಿಂದ ಅವಳಿಗೆ ನೋಡುವ ಹುಚ್ಚು ಹಿಡಿಯಿತು. ನೊಣದ ರೆಕ್ಕೆ ತಂದಳು, ಜೋಳದ ಹಿಟ್ಟು ತಂದಳು. ವರ್ಗವಾಗಿ ಹೋಗುವಾಗ ಮಾಸ್ತರರು ಕಪಾಟಿನ ಕೀಲಿಯನ್ನು ಅವಳ ಕೈಗೇ ಕೊಟ್ಟರು. ನನಗೆ ಎಷ್ಟು ಖುಷಿಯಾಯಿತೆಂದು ಹೇಳಲಾರೆ.

ಒಂದು ದಿನ ಊರೆಲ್ಲ ಕುಡಿಯುವ ಕೆರೆಯ ನೀರು ತಂದಳು. ಹನಿಯ ತುಂಬ ಹುಳಗಳು ಹರಿದಾಡುತ್ತಿದ್ದವು. ಅಂದೇ ಅವಳು ಮನೆಯಲ್ಲಿ ನೀರು ಕಾಯಿಸಿ ಆರಿಸತೊಡಗಿದಳು, ಓಣಿಯವರಿಗೂ ಹೇಳಿದಳು.

"ನಮ್ಮಜ್ಜ ಮುತ್ಯಾ ಕುಡದ ನೀರವ್ವ ಇದು. ಹುಳ ನಿನ್ನ ತಲ್ಯಾಗ ಅದಾವು," ಎಂದು ನಕ್ಕರು.

"ಕಣ್ಣಾರೆ ತೋರಸ್ತೀನಿ, ಬರ್ರಿ."

ಬನ್ನಿ ಕೊಡಲು ಹೊರಟವರನ್ನು ದಸರೆಯ ದಿನ ಹಾಗೆಯೇ ಶಾಲೆಗೆ ಕರೆತಂದಳು. ಆದರೆ ಹಿಂದಿನ ದಿನ ಖಂಡೇನವಮಿ, ಆಯುಧಪೂಜೆ. ಹೆಡ್‌ಮಾಸ್ತರರು ಶಾಲೆಯ ಸಾಮಾನನ್ನೆಲ್ಲ ಪೂಜೆಗಿಟ್ಟು, ಭಕ್ತಿ ಹೆಚ್ಚಾಗಿ ನನ್ನ ಮೇಲಿನ ಗಾಜಿಗೂ ಕೆಳಗಿನ ಗಾಜಿಗೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಬಳಿದಿದ್ದರು. ಅವಳು ಸೆರಗಿನಿಂದ ಒರೆಸಿದಷ್ಟೂ ಅದು ಹರಡಿಕೊಂಡಿತು.

"ಬರೇ ಕೆಂಪಗೈತಲ್ಲಬೇ ನೀಲಗಂಗಿ!"

ನಗುತ್ತಲೇ ಹೋದವರು ಮತ್ತೆ ಕರೆದರೂ ಬರಲಿಲ್ಲ. ಪೂಜೆಯೊಂದು ನನ್ನನ್ನು ಕುರುಡಾಗಿಸಿತ್ತು.

ದೀಪಾವಳಿ ಕಳೆಯುತ್ತಲೇ ಊರಿಗೆ ವಾಂತಿಭೇದಿ ಬಂತು. ಓಣಿಯಲ್ಲಿ ಮೂವರು ಹೋದರು. ನಾಲ್ಕನೆಯವಳು ನೀಲಗಂಗವ್ವನ ಐದು ವರ್ಷದ ಮೊಮ್ಮಗಳು. ಆಡಿ ದಣಿದು ಪಕ್ಕದ ಮನೆಯ ಕೊಡದಿಂದ ಒಂದು ತಂಬಿಗೆ ನೀರು ಕುಡಿದಿದ್ದಳಂತೆ.

ಈಗ ನಾನು ಮುರಿದ ಬೆಂಚುಗಳ ಕೋಣೆಯಲ್ಲಿದ್ದೇನೆ. ಗಾಜಿಗೆ ಬೂಸ್ಟು ಹಿಡಿದಿದೆ. ಕೆಲಸ ಬಿಟ್ಟ ದಿನ ನೀಲಗಂಗವ್ವ ಬಂದು ಧೂಳು ಜಾಡಿಸಿ, ಕೆಳಗೆ ಏನೂ ಇಡದೆಯೇ ಕಣ್ಣು ಹಚ್ಚಿದಳು.

"ಖರೇ ಹೇಳು. ಆ ಹುಳ ಇದ್ವು ಹೌದಲ್ಲ? ಎಲ್ಲಾರೂ ಅಂದು ಅಂದು ನನಗೂ ಈಗ ಸಂಶೇ ಬರಾಕ್ಹತ್ತೇತಿ."

ಇದ್ದವು ತಾಯೀ, ಇದ್ದವು. ಅಂದು ನೋಡಿದವರು ನಾವಿಬ್ಬರೇ. ನನಗೆ ಬಾಯಿಲ್ಲ.