ಬಾಲದ ಭಾರ

"ಗ್ಲೆನಿಸಕ್ಕಾ, ಕೇಳಿಸ್ತಿದ್ಯಾ? ನಿಮ್ಮ ಬೆನ್ನ ಹಿಂದೇನೇ ಇದೀನಿ."

ರೋಂಡಾ ಮಡಿಲಲ್ಲಿದ್ದ ಕಿತ್ತಳೆ ಹಣ್ಣುಗಳ ಚೀಲವನ್ನು ಕಾಲ ಬಳಿ ಇಳಿಸಿ, ರೇಡಿಯೊದ ಮೈಕು ಕೈಗೆ ತೆಗೆದುಕೊಂಡು ಗುಂಡಿ ಒತ್ತಿದಳು.

"ಕೇಳಿಸ್ತಿದೆಯಪ್ಪಾ, ಹೇಳು."

"ಮುಂದೆ ದಾರಿ ಖಾಲಿ ಇದ್ಯಾ? ಮೂರು ಟ್ರೇಲರ್ ಎಳೀತಿದೀನಿ, ದಾಟೋಕೆ ಸ್ವಲ್ಪ ಹೊತ್ತು ಬೇಕು."

ಕಾರಿನ ಸ್ಟೀರಿಂಗ್ ಹಿಡಿದಿದ್ದ ನೆವಿಲ್ ತಲೆಯಾಡಿಸಿದ. "ಖಾಲಿ ಇದೆ, ಬಾ," ಎಂದಳು ರೋಂಡಾ. ಲಾರಿ ಬಲಗಡೆಯಿಂದ ಬಂತು, ಬಂದೇ ಬಂತು, ಮುಗಿಯುವ ಹಾಗೇ ಕಾಣಲಿಲ್ಲ. ಕೊನೆಯ ಟ್ರೇಲರ್ ಪೂರ್ತಿ ಮುಂದೆ ಹೋದ ಮೇಲೆ ನೆವಿಲ್ ಹೆಡ್‌ಲೈಟ್ ಮಿಣುಕಿಸಿದ. ಲಾರಿ ಎಡಕ್ಕೆ ಸರಿಯಿತು.

"ಥ್ಯಾಂಕ್ಸ್ ಗ್ಲೆನಿಸಕ್ಕಾ. ಯಜಮಾನ್ರಿಗೆ ಒಂದು ಮಾತು ಹೇಳ್ಬಿಡಿ. ನಿಮ್ಮ ಕ್ಯಾರವಾನಿನ ಬಾಲ ಜೋತುಬಿದ್ದಿದೆ. ಗಾಳಿ ಎದ್ರೆ ಕಷ್ಟ ಆಗತ್ತೆ."

"ಲಾರಿಯವ್ರಿಗೆ ಬಿಟ್ಟಿ ಬುದ್ಧಿ ಹೇಳೋದು ಅಂದ್ರೆ ಊಟಕ್ಕಿಂತ ಇಷ್ಟ," ಎಂದು ನೆವಿಲ್ ನಕ್ಕ. "ಗ್ಲೆನಿಸ್ ಇದ್ದಾಗಿಂದ ಹೀಗೇ ಎಳೀತಿದೀನಿ. ಒಂದಿನ ಅಲ್ಲಾಡಿಲ್ಲ."

ನೆವಿಲ್‌ನ ಹೆಂಡತಿ ಗ್ಲೆನಿಸ್ ಸತ್ತು ನಾಲ್ಕು ವರ್ಷವಾಗಿತ್ತು. ಲಾರಿಯವನ ತಪ್ಪೇನೂ ಇರಲಿಲ್ಲ. ಕಾರು ಎಳೆಯುತ್ತಿದ್ದ ಗಾಲಿಮನೆಯಂಥ ಆ ಕ್ಯಾರವಾನಿನ ಹಿಂದೆ, ಎರಡು ಪೆಲಿಕನ್ ಹಕ್ಕಿಗಳ ಚಿತ್ರದ ಕೆಳಗೆ, 'ನೆವಿಲ್ ಮತ್ತು ಗ್ಲೆನಿಸ್, ಚಾನೆಲ್ 40' ಎಂದು ನೀಲಿ ಅಕ್ಷರದಲ್ಲಿ ಬರೆದಿತ್ತು. ಹಿಂದೆ ಬಂದವರೆಲ್ಲ ಅದನ್ನು ಓದಿಕೊಂಡೇ ರೇಡಿಯೊದಲ್ಲಿ ಮಾತಾಡಿಸುತ್ತಿದ್ದರು. ಆಲ್ಬನಿಯಿಂದ ಹೊರಟ ದಿನ ರೋಂಡಾ ಮೊದಲ ಸಲ ಆ ಹೆಸರಿಗೆ ತಡಬಡಾಯಿಸಿದಾಗ, "ಹೂಂ ಅಂದ್ಬಿಡೇ, ದಾರಿಯಲ್ಲಿ ಸಿಕ್ಕವ್ರಿಗೆಲ್ಲ ನಮ್ಮ ಪುರಾಣ ಯಾಕೆ," ಎಂದಿದ್ದ ನೆವಿಲ್. ಅಳಿಸೋಣವೆಂದರೆ ಅಕ್ಷರದ ಜೊತೆ ಬಣ್ಣವೂ ಎದ್ದು ಬರುತ್ತದಂತೆ. ಅವಳು ಹೂಂ ಅಂದಳು. ಆಮೇಲೆ ಅದೇ ರೂಢಿಯಾಯಿತು. ಒಂದು ಇಡೀ ಬಯಲನ್ನು ಅವಳು ಗ್ಲೆನಿಸ್ ಆಗಿಯೇ ದಾಟಿದ್ದಳು.

ರೋಂಡಾಗೆ ಹೊಟ್ಟೆಕಿಚ್ಚಿರಲಿಲ್ಲ. ಸತ್ತವಳ ಮೇಲೆ ಎಂಥ ಹೊಟ್ಟೆಕಿಚ್ಚು? ಆದರೆ ಈ ಕ್ಯಾರವಾನಿನೊಳಗೆ ಯಾವುದನ್ನು ಮುಟ್ಟಿದರೂ ಅದಕ್ಕೊಂದು ಹಳೆಯ ಪದ್ಧತಿ ಇರುತ್ತಿತ್ತು. ಬಟ್ಟಲು ಇಡುವ ಕಪಾಟು ಅದಲ್ಲ. ಬಾಗಿಲ ಚಿಲಕ ಹಾಗಲ್ಲ. ಹಿಂದಿನ ಸಂಜೆ, ರಾತ್ರಿ ತಂಗುವ ಜಾಗದಲ್ಲಿ ಕ್ಯಾರವಾನ್ ಹಿಮ್ಮುಖವಾಗಿ ನಿಲ್ಲಿಸುವಾಗ, ಅವಳು ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದಳು. ಸಂಜೆ ಹೊತ್ತು ಕ್ಯಾರವಾನ್ ಪಾರ್ಕಿನಲ್ಲಿ ಇದಕ್ಕಿಂತ ದೊಡ್ಡ ನಾಟಕ ಇನ್ನೊಂದಿಲ್ಲ. ಮಡಚುಕುರ್ಚಿಗಳಲ್ಲಿ ಬಿಯರ್ ಹಿಡಿದು ಕೂತವರೆಲ್ಲ ನೋಡುತ್ತಿರುವಾಗಲೇ ನೆವಿಲ್ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ್ದ: "ಕನ್ನಡಿಯಲ್ಲಿ ಕಾಣೋ ಜಾಗದಲ್ಲಿ ನಿಂತ್ಕೊಳೇ! ಗ್ಲೆನಿಸ್‌ಗೆ ಇದನ್ನೆಲ್ಲ ಹೇಳ್ಕೊಡ್ಬೇಕಾಗೇ ಇರಲಿಲ್ಲ!"

ಆ ರಾತ್ರಿಯೇ ಅವಳು ಅಡಿಲೇಡಿನಲ್ಲಿದ್ದ ತಂಗಿಗೆ ಫೋನ್ ಮಾಡಿದ್ದಳು.

ಮಧ್ಯಾಹ್ನ ರಸ್ತೆಬದಿಯ ಹೋಟೆಲಿನ ಮುಂದೆ ನಿಲ್ಲಿಸಿ, ಕ್ಯಾರವಾನಿನೊಳಗೇ ಊಟ ಮಾಡಿದರು. ಮುಂದೆ ಸೆಡೂನಾ ತಪಾಸಣೆ ಠಾಣೆಯಲ್ಲಿ, ಕೀಟ ಹರಡುತ್ತದೆಂದು, ಹಣ್ಣು, ತರಕಾರಿ ಒಂದನ್ನೂ ಬಿಡುವುದಿಲ್ಲ. ಅದಕ್ಕೇ ಉಳಿದಿದ್ದ ಕುಂಬಳ, ಕ್ಯಾರೆಟ್, ಈರುಳ್ಳಿಯನ್ನೆಲ್ಲ ರೋಂಡಾ ಒಂದೇ ಪಾತ್ರೆಗೆ ಹಾಕಿ ಬೇಯಿಸಿದ್ದಳು. ತೊಳೆಯಲು ನಲ್ಲಿ ತಿರುಗಿಸಿದರೆ ಅದು ಕೆಮ್ಮಿತು.

"ಮುಂದಿನ ಟ್ಯಾಂಕ್ ಖಾಲಿ," ಎಂದಳು. "ಹಿಂದೆ ಕ್ಯಾನಿನಲ್ಲಿರೋ ನೀರು ಸುರೀಲಾ? ಮುಂದೆ ಹಗುರ ಆಗಿ, ಹಿಂದೆ ಭಾರ ಆದ್ರೆ..."

"ಸೆಡೂನಾದಲ್ಲಿ ತುಂಬಿಸೋಣ. ಆ ಲಾರಿಯವನ ಮಾತು ನಿನ್ನ ತಲೇಲಿ ಕೂತ್ಬಿಡ್ತಾ?"

ಅವಳು ತಟ್ಟೆಗಳನ್ನು ಬಟ್ಟೆಯಿಂದ ಒರೆಸಿದಳು. ಆಮೇಲೆ, ನಾಳೆ ಬ್ರೆಡ್ ತರಬೇಕು ಎನ್ನುವ ದನಿಯಲ್ಲೇ, "ನಾನು ಸೆಡೂನಾದಲ್ಲಿ ಇಳ್ಕೊಳ್ತೀನಿ ನೆವ್. ಸಂಜೆ ಬಸ್ಸಿದೆ. ತಂಗಿ ಮನೆಗೆ ಹೋಗ್ತೀನಿ," ಎಂದಳು.

ನೆವಿಲ್ ತಲೆಯೆತ್ತಿದ. "ಯಾಕೆ? ಏನಾಯ್ತು?"

"ಇಲ್ಲಿ ನನಗೆ ಜಾಗ ಇಲ್ಲ."

ಅವನು ಸುತ್ತ ನೋಡಿದ. "ಮೇಲಿನ ಕಪಾಟು ಬೇಕಾದ್ರೆ ಖಾಲಿ ಮಾಡ್ಕೊಡ್ತೀನಿ."

ಅವನು ಕೆಟ್ಟವನಲ್ಲ. ಅದೇ ಕಷ್ಟ. ಕೆಟ್ಟವನಾಗಿದ್ದರೆ ಜಗಳವಾದರೂ ಆಡಬಹುದಿತ್ತು. ರೋಂಡಾ ತಟ್ಟೆಗಳನ್ನು ಸರಿಯಾದ ಕಪಾಟಿನಲ್ಲೇ ಇಟ್ಟು ಕೆಳಗಿಳಿದಳು.

ಮತ್ತೆ ರಸ್ತೆಗೆ ಬಿದ್ದರು. ಯಲಾಟಾ ದಾಟಿದ ಮೇಲೆ ರಸ್ತೆಯ ಎರಡೂ ಬದಿ ಕುರುಚಲು ಮರಗಳು ಕಾಣಿಸಿಕೊಂಡವು. ತೆಂಕಣ ಗಾಳಿ ಎದ್ದಿತ್ತು. ನೆವಿಲ್ ಸ್ಟೀರಿಂಗನ್ನು ಆಗಾಗ ಬಲಕ್ಕೆ ಒತ್ತಿ ಹಿಡಿಯುತ್ತಿದ್ದ, ಆದರೆ ವೇಗ ತಗ್ಗಿಸಲಿಲ್ಲ. ಅಷ್ಟು ದೊಡ್ಡ ಎಸ್‌ಯುವಿ ಕಾಲ ಕೆಳಗಿದ್ದರೆ ಗಂಡಸರಿಗೆ ಗಾಳಿ ಲೆಕ್ಕಕ್ಕೇ ಬರುವುದಿಲ್ಲ.

"ಗ್ಲೆನಿಸಕ್ಕಾ, ಮತ್ತೆ ನಾನೇ," ಎಂದಿತು ರೇಡಿಯೊ. "ಹೋಟೆಲ್ ಹತ್ರ ಒಂದು ಕೋಳಿ ನಿದ್ದೆ ತೆಗೆದೆ, ಅಷ್ಟರಲ್ಲಿ ಮುಂದೆ ಬಂದ್ಬಿಟ್ರಿ. ದಾಟ್ಲಾ?"

ರೋಂಡಾ ನೆವಿಲ್ ಕಡೆ ನೋಡಿದಳು. ಅವನು ತಲೆಯಾಡಿಸಿದ. "ಬಾ," ಎಂದಳು.

ಲಾರಿಯ ಮೂತಿ ಕಿಟಕಿಗೆ ಸಮನಾಗಿ ಬಂದಾಗ ಗಾಳಿ ಒಮ್ಮೆಲೇ ನಿಂತಂತಾಯಿತು. ಅದು ಮುಂದೆ ಹೋದದ್ದೇ ತಡ, ನಿಂತ ಗಾಳಿಯೆಲ್ಲ ಸೇರಿ ಬಡಿಯಿತು. ಕ್ಯಾರವಾನಿನ ಹಿಂಭಾಗ ಒಮ್ಮೆ ಎಡಕ್ಕೆ ಎಳೆಯಿತು, ಆಮೇಲೆ ಬಲಕ್ಕೆ, ಮತ್ತೆ ಇನ್ನಷ್ಟು ಎಡಕ್ಕೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಕಾರು ಒಂದು ಕಡೆ ಹೊರಟರೆ ಅದು ಇನ್ನೊಂದು ಕಡೆ ಹೊರಟಿತು. ಕಾರಿನ ಹಿಂಗಾಲೇ ನೆಲ ಬಿಟ್ಟಂತಾಯಿತು. ರೋಂಡಾ ಪಕ್ಕದ ಕನ್ನಡಿಯಲ್ಲಿ ಕ್ಯಾರವಾನಿನ ಇಡೀ ಗೋಡೆಯನ್ನು ಕಂಡಳು. ಅದು ಅಲ್ಲಿ ಕಾಣಬಾರದಾಗಿತ್ತು.

ನೆವಿಲ್‌ನ ಕಾಲು ಬ್ರೇಕಿನ ಕಡೆ ಹೋಯಿತು.

"ಕಾಲು ತೆಗಿ!" ಎಂದು ಕಿರುಚಿದಳು ರೋಂಡಾ. ಸ್ಟೀರಿಂಗಿನ ಎಡಕ್ಕಿದ್ದ ಕೆಂಪು ಗುಂಡಿಗೆ ಕೈಚಾಚಿ ಒತ್ತಿ ಹಿಡಿದಳು. ಅದು ಕ್ಯಾರವಾನಿನ ಚಕ್ರಗಳಿಗೆ ಮಾತ್ರ ಬ್ರೇಕು ಹಾಕುವ ಗುಂಡಿ. ಹೊರಡುವ ದಿನ ಅವನೇ ಒಂದು ಸಲ ತೋರಿಸಿದ್ದ, ಗ್ಲೆನಿಸ್‌ಗೆ ಗೊತ್ತಿತ್ತು ಎಂದು ಸೇರಿಸಿಯೇ ತೋರಿಸಿದ್ದ. ಹಿಂದಿನಿಂದ ಯಾರೋ ಬಾಲ ಹಿಡಿದು ಜಗ್ಗಿದ ಹಾಗೆ ಕ್ಯಾರವಾನ್ ಬಿಗಿಯಾಯಿತು. ಎಡ, ಬಲ, ಸ್ವಲ್ಪ ಎಡ. ಆಮೇಲೆ ನೆಟ್ಟಗಾಯಿತು. ರೋಂಡಾ ಕೈ ತೆಗೆಯಲಿಲ್ಲ.

"ಬಿಡು," ಎಂದ ನೆವಿಲ್ ಕೊನೆಗೆ. "ಬಿಡೇ, ಸರಿಹೋಯ್ತು."

ಲಾರಿಯವನು ಕನ್ನಡಿಯಲ್ಲಿ ಎಲ್ಲ ನೋಡಿದ್ದ. ಮುಂದಿನ ತಂಗುಜಾಗದಲ್ಲಿ ಲಾರಿ ನಿಲ್ಲಿಸಿ, ಹಿಂದೆ ಬಂದು ನಿಂತ ಇವರ ಕಡೆಗೆ ನಡೆದುಕೊಂಡು ಬಂದ. ಗಿಡ್ಡಗೆ, ದುಂಡಗೆ ಇದ್ದ ಆಸಾಮಿ. ಹೆಸರು ಡ್ಯಾರಿಲ್ ಎಂದ.

"ಗುಂಡಿ ಒತ್ತಿದ್ದು ಒಳ್ಳೇದಾಯ್ತು ಗುರೂ. ಕಾಲು ಬ್ರೇಕ್ ತುಳಿದಿದ್ರೆ ಇಷ್ಟೊತ್ತಿಗೆ ನಾನು ನಿಮ್ಮನ್ನ ಪೊದೆಯೊಳಗೆ ಹುಡುಕ್ತಿದ್ದೆ."

"ನಾನಲ್ಲ," ಎಂದ ನೆವಿಲ್. "ಇವಳು."

"ಭೇಷ್ ಗ್ಲೆನಿಸಕ್ಕಾ!"

ರೋಂಡಾ ನೆವಿಲ್‌ನ ಮುಖ ನೋಡಿದಳು. ಅವನು ನೆಲ ನೋಡಿದ. ಕೈಗಳನ್ನು ಜೇಬಿಗೆ ತುರುಕಿಕೊಂಡ.

ಡ್ಯಾರಿಲ್ ಕ್ಯಾರವಾನ್ ಸುತ್ತ ಒಂದು ಸುತ್ತು ಹಾಕಿದ. ಹಿಂದೆ ಎರಡು ಸೈಕಲ್ ನೇತಾಡುತ್ತಿದ್ದವು. ರೋಂಡಾಳ ಮಂಡಿಗೆ ಸೈಕಲ್ ಆಗುತ್ತಿರಲಿಲ್ಲ, ಎರಡನೆಯದು ಯಾರದೆಂದು ಕೇಳಬೇಕಾಗಿಯೂ ಇರಲಿಲ್ಲ. ಎರಡು ಕ್ಯಾನ್ ನೀರು, ಸಲಕರಣೆ ಪೆಟ್ಟಿಗೆ. ಹಿಂದಕ್ಕೆ ಭಾರ ಹೇರಿದ ಎತ್ತಿನ ಗಾಡಿಯಲ್ಲಿ ನೊಗ ಮೇಲೇಳುವಂತೆ, ಕಾರಿಗೆ ಸಿಕ್ಕಿಸಿದ ಕೊಂಡಿಯ ಮೇಲೆ ಇರಬೇಕಾದ ಭಾರವೇ ಇರಲಿಲ್ಲ.

"ಈ ಇನ್ನೊಂದು ಪೆಟ್ಟಿಗೇಲಿ ಏನಿದೆ?"

"ಹಳೇ ಸಾಮಾನು," ಎಂದ ನೆವಿಲ್.

ಡ್ಯಾರಿಲ್ ಮುಚ್ಚಳ ಎತ್ತಿದ. ಒಳಗೆ ಐಸ್‌ಕ್ರೀಮಿನ ಹಳೆಯ ಡಬ್ಬಗಳು ಒತ್ತೊತ್ತಾಗಿ ಕೂತಿದ್ದವು. ಒಂದನ್ನು ಎರಡೂ ಕೈಯಲ್ಲಿ ಎತ್ತಿ, ಅಯ್ಯೋ ಎಂದು ನೆಲಕ್ಕಿಳಿಸಿದ. ಕಲ್ಲು. ಎಲ್ಲದರಲ್ಲೂ ಕಲ್ಲು. ಕಡಲತೀರದ ನುಣುಪು ಕಲ್ಲುಗಳು, ಕೆಂಪು, ಬೂದು, ಬಿಳಿ ಗೆರೆಯವು.

"ಹೋದಲ್ಲೆಲ್ಲ ಒಂದೊಂದು ಆರಿಸ್ತಿದ್ಲು," ಎಂದ ನೆವಿಲ್, ಯಾರಿಗೂ ಹೇಳದ ಹಾಗೆ.

ಡ್ಯಾರಿಲ್‌ಗೆ ಅದು ಅರ್ಥವಾಗಲಿಲ್ಲ. "ಏನೂ ಬಿಸಾಕೋದು ಬೇಡ. ಒಟ್ಟು ತೂಕ ಸರಿಯಾಗೇ ಇದೆ, ಕೂತಿರೋ ಜಾಗ ತಪ್ಪು. ನೀರು ಮುಂದಿನ ಟ್ಯಾಂಕಿಗೆ ಸುರೀರಿ. ಸೈಕಲ್ ಒಳಗೆ, ಚಕ್ರದ ಮೇಲೆ ಬರೋ ಹಾಗೆ ಮಲಗಿಸಿ. ಕಲ್ಲು ಮುಂದಕ್ಕೆ," ಎಂದು ಹೇಳಿ, ಸೈಕಲ್ ಬಿಚ್ಚಿ ಒಳಗಿಡಲು ತಾನೇ ಕೈಕೊಟ್ಟು, ಲಾರಿಯ ಕಡೆ ಹೋದ.

ಅವನು ಹೋದ ಮೇಲೆ ನೆವಿಲ್ ಡಬ್ಬದಿಂದ ಒಂದು ಕಲ್ಲು ತೆಗೆದು, ತೋಳು ಬೀಸಿ ಪೊದೆಯೊಳಕ್ಕೆ ಎಸೆದ. ಇನ್ನೊಂದನ್ನೂ ಎಸೆದ. "ಇವತ್ತು ನಿನ್ನನ್ನ ಕೊಂದುಬಿಡ್ತಿದ್ದೆ ನಾನು," ಎಂದ. ಮೂರನೆಯದಕ್ಕೆ ಕೈ ಹಾಕಿದ.

ರೋಂಡಾ ಅವನ ಕೈಯಿಂದ ಅದನ್ನು ಕಿತ್ತುಕೊಂಡಳು. ಪೊದೆಯೊಳಗೆ ಹೋಗಿ, ನೋಯುವ ಮಂಡಿ ಹಿಡಿದು ಬಗ್ಗಿ, ಹುಡುಕಿ, ಎಸೆದ ಎರಡನ್ನೂ ತಂದಳು.

"ಅವಳು ಪಾಪ ಏನ್ ಮಾಡಿದ್ಲು? ಹಿಂದೆ ಇಟ್ಟಿದ್ದು ನೀನು," ಎಂದಳು. "ಹೊರು, ಬಾ."

ಡಬ್ಬಗಳನ್ನು ಒಂದೊಂದಾಗಿ ಹೊತ್ತರು. ಮುಂದೆ ಹಾಸಿಗೆಯ ಕೆಳಗೆ, ಅವಳು ಮಲಗುವ ಬದಿಯಲ್ಲಿ, ಅವಳ ಸೂಟ್‌ಕೇಸ್ ಇತ್ತು. ರೋಂಡಾ ಅದನ್ನು ಎಳೆದು ಹಾಸಿಗೆಯ ಮೇಲಿಟ್ಟು, ಆ ಜಾಗದಲ್ಲಿ ಡಬ್ಬಗಳನ್ನು ಸಾಲಾಗಿ ಕೂರಿಸಿದಳು. ನೆವಿಲ್ ಸೂಟ್‌ಕೇಸನ್ನೇ ನೋಡುತ್ತ ನಿಂತ. ಅದನ್ನು ಕೆಳಗಿಳಿಸಿಕೊಡಲೋ, ಇಲ್ಲೇ ಇರಲೋ ಎಂದು ಕೇಳುವ ಧೈರ್ಯ ಅವನಿಗಿರಲಿಲ್ಲ.

"ಕೀ ಕೊಡು," ಎಂದಳು ರೋಂಡಾ. "ನಿನ್ನ ಕೈ ಇನ್ನೂ ನಡುಗ್ತಿದೆ."

"ನಿನಗೆ ಇದು..."

"ಹತ್ತೊಂಬತ್ತು ವರ್ಷ ಶಾಲೆ ಬಸ್ಸು ಓಡ್ಸಿದೀನಿ ಮಾರಾಯಾ. ಒಂದು ದಿನಾನಾದ್ರೂ ಕೇಳಿದ್ಯಾ?"

ಅವನು ಕೀ ಕೊಟ್ಟ.

ಅವಳು ನಿಧಾನವಾಗಿ ರಸ್ತೆಗಿಳಿಸಿದಳು. ಗಾಳಿ ಇನ್ನೂ ಇತ್ತು. ಕ್ಯಾರವಾನ್ ಒಂದೆರಡು ಸಲ ಮೈ ಅಲುಗಿಸಿ, ಆಮೇಲೆ ಸುಮ್ಮನೆ ಹಿಂದೆ ಬಂತು. ಪೆನೊಂಗ್‌ನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ರೇಡಿಯೊ ಮತ್ತೆ ಗುರುಗುಟ್ಟಿತು.

"ಗ್ಲೆನಿಸಕ್ಕಾ, ಹೇಗೆ ಎಳೀತಿದೆ ಈಗ?"

ರೋಂಡಾಳ ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು. ಮೈಕು ನೆವಿಲ್‌ನ ಮುಂದಿತ್ತು. ಅವನು ತೆಗೆದುಕೊಂಡು ಗುಂಡಿ ಒತ್ತಿದ, ಒತ್ತಿಕೊಂಡೇ ಇದ್ದ. ರೋಂಡಾ ರಸ್ತೆ ನೋಡುತ್ತಿದ್ದಳು. ಏನೂ ಬೇಡ, ಹೂಂ ಅಂದುಬಿಡಲಿ, ಸಾಕು ಅಂದುಕೊಂಡಳು. ಹಾಗೆ ಅಂದುಕೊಂಡದ್ದು ಸುಳ್ಳೆಂದು ಅವಳಿಗೇ ಗೊತ್ತಿತ್ತು.

"ಗ್ಲೆನಿಸ್ ಅಲ್ಲಪ್ಪಾ," ಎಂದ ನೆವಿಲ್. "ಗ್ಲೆನಿಸ್ ತೀರಿಕೊಂಡು ನಾಲ್ಕು ವರ್ಷ ಆಯ್ತು. ಗುಂಡಿ ಒತ್ತಿದವಳು ರೋಂಡಾ. ಈಗ ಓಡಿಸ್ತಿರೋದೂ ಅವಳೇ."

ರೇಡಿಯೊ ಗರಗರ ಎಂದಿತು.

"ಯಾರು ಅಂದ್ರಿ? ಸರಿಯಾಗಿ ಕೇಳಿಸ್ಲಿಲ್ಲ."

"ರೋಂಡಾ!" ಎಂದು ಕೂಗಿದ ನೆವಿಲ್. ಚಾನೆಲ್ ನಲವತ್ತರಲ್ಲಿದ್ದ ಲಾರಿ, ಕ್ಯಾರವಾನುಗಳಿಗೆಲ್ಲ ಕೇಳಿಸಿರಬೇಕು. "ನನ್ನ ರೋಂಡಾ!"

"ಸರಿ ಗುರೂ, ಕಿವಿ ತೂತಾಯ್ತು," ಎಂದ ಡ್ಯಾರಿಲ್. ಆಮೇಲೆ ದನಿ ತಗ್ಗಿಸಿ, "ಕ್ಷಮಿಸಿ ರೋಂಡಕ್ಕಾ. ಮುಂದೆ ಎಡಗಡೆ ಎಮು ಹಕ್ಕಿಗಳಿವೆ, ನೋಡ್ಕೊಂಡು ಬನ್ನಿ," ಎಂದ.

ರೋಂಡಾಗೆ ಕಣ್ಣು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನೆವಿಲ್ ಚೀಲದಲ್ಲಿ ಉಳಿದಿದ್ದ ಕೊನೆಯ ಕಿತ್ತಳೆ ಸುಲಿದು, ಒಂದೊಂದೇ ತೊಳೆಯನ್ನು ಅವಳ ಬಾಯಿಗಿಟ್ಟ. ತಪಾಸಣೆ ಠಾಣೆಯಲ್ಲಿ ಸಿಪ್ಪೆಯನ್ನು ಮಾತ್ರ ತೊಟ್ಟಿಗೆ ಹಾಕಿ ಮುಂದೆ ಹೋದರು.

ಸೆಡೂನಾದಲ್ಲಿ ಅಡಿಲೇಡ್ ಬಸ್ಸು ನಿಂತಿತ್ತು, ಜನ ಸಾಮಾನು ಒಳಗೆ ತುಂಬುತ್ತಿದ್ದರು. ನೆವಿಲ್ ಆ ಕಡೆ ನೋಡಲಿಲ್ಲ. ಕಾರು ನಿಧಾನವಾಯಿತು. ರಸ್ತೆ ದಾಟುತ್ತಿದ್ದ ಒಬ್ಬ ಮುದುಕನಿಗೆ ದಾರಿ ಬಿಟ್ಟು ರೋಂಡಾ ಮುಂದೆ ನಡೆಸಿದಳು.

ಪಾರ್ಕಿನಲ್ಲಿ ಮಡಚುಕುರ್ಚಿಗಳು ಆಗಲೇ ತುಂಬಿದ್ದವು. ಹೆಂಗಸು ಸ್ಟೀರಿಂಗಿನಲ್ಲಿರುವುದನ್ನು ಕಂಡು ಕೆಲವರು ಕುರ್ಚಿಯನ್ನು ಈ ಕಡೆಗೇ ತಿರುಗಿಸಿಕೊಂಡರು. ನೆವಿಲ್ ಇಳಿದು ಹಿಂದೆ ಹೋದ. ರೋಂಡಾ ಹಿಮ್ಮುಖದ ಗೇರಿಗೆ ಹಾಕಿ ಬಲಗನ್ನಡಿ ನೋಡಿದಳು, ಎಡಗನ್ನಡಿ ನೋಡಿದಳು. ಅವನು ಎರಡರಲ್ಲೂ ಇರಲಿಲ್ಲ. ಕ್ಯಾರವಾನಿನ ಹಿಂದೆ ಎಲ್ಲೋ ನಿಂತು ಕೈಬೀಸುತ್ತಿದ್ದಿರಬೇಕು.

ಅವಳು ಕಿಟಕಿಯಿಂದ ತಲೆ ಹೊರಹಾಕಿದಳು.

"ನೆವ್! ಕನ್ನಡಿಯಲ್ಲಿ ಕಾಣೋ ಜಾಗದಲ್ಲಿ ನಿಂತ್ಕೊಳೋ!"

ಕುರ್ಚಿಗಳ ಕಡೆಯಿಂದ ನಗು ಬಂತು. ಬಲಗನ್ನಡಿಯ ಅಂಚಿನಲ್ಲಿ ಮೊದಲು ಒಂದು ಭುಜ ಕಾಣಿಸಿತು. ಆಮೇಲೆ ಟೊಪ್ಪಿ. ಅವನು ಇನ್ನೊಂದು ಹೆಜ್ಜೆ ಪಕ್ಕಕ್ಕೆ ಸರಿದು, ಕನ್ನಡಿಯ ನಟ್ಟನಡುವೆ ಬಂದು, ಕೈ ಎತ್ತಿ ನಿಂತುಕೊಂಡ.