ಪಕ್ಕದಿಂದಲೂ ಕಾಣುವ ಟಿ.ವಿ.

ಮಹಡಿಯ ಕೋಣೆಯಿಂದ ಹಿಸ್ಕೆಯ ನಗು ಕೇಳಿದಾಗಲೆಲ್ಲ ವೀಬೆಯ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು. ಹೆಂಡತಿ ನಕ್ಕರೆ ಗಂಡನಿಗೆ ಸಂತೋಷವಾಗಬೇಕು ತಾನೆ? ಆಗುತ್ತಿತ್ತು, ಆ ನಗು ತನ್ನ ಮಾತಿಗೆ ಬಂದಿದ್ದರೆ. ಊಟದ ಮೇಜಿನಲ್ಲಿ ಅವಳದು ತುಟಿಯಂಚಿನ ನಗು. ರೂಲೋಫನ ಜೊತೆ ಮಾತಾಡುವಾಗ ಮಾತ್ರ ಮೆಟ್ಟಿಲು ಇಳಿದು ಅಡುಗೆಮನೆಯವರೆಗೂ ಬರುವ ನಗು. ಕೇಳುತ್ತ ಕೇಳುತ್ತ ವೀಬೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ ಜಾಗಕ್ಕೇ ಮತ್ತೆ ಹಚ್ಚುತ್ತಿದ್ದ.

ಈ ರೂಲೋಫ್ ಹಿಸ್ಕೆಯ ಕಚೇರಿಯವನು. ಇಬ್ಬರೂ ಸೇರಿ ಸೈಕಲ್ ದಾರಿಗಳ ನಕಾಶೆ ಮಾಡುತ್ತಿದ್ದರು. ಅವನು ಫ್ರೀಸ್‌ಲ್ಯಾಂಡ್ ಸೀಮೆಯ ಗಾಳಿಗೆ ಎದೆಯೊಡ್ಡಿ ಕಾಲುವೆ ಏರಿಗಳ ಮೇಲೆ ಸೈಕಲ್ ತುಳಿಯುವುದು, ಎಲ್ಲಿ ದಾರಿ ಮುರಿದಿದೆ, ಎಲ್ಲಿ ಕಾಫಿ ಸಿಗುತ್ತದೆ, ಎಲ್ಲಿ ತಾನು ಕಾಲುವೆಗೆ ಬಿದ್ದೆ ಎಂದು ವೀಡಿಯೊ ಕರೆಯಲ್ಲಿ ವರದಿ ಒಪ್ಪಿಸುವುದು. ಇವಳು ಮನೆಯಲ್ಲಿ ಕೂತು, ಅಂಗೈಯಗಲದ ಲ್ಯಾಪ್‌ಟಾಪಿನಲ್ಲಿ ಕಣ್ಣು ಕಿರಿದು ಮಾಡಿಕೊಂಡು, ಅದನ್ನೆಲ್ಲ ಗೆರೆಗಳಾಗಿ ಬರೆಯುವುದು. ಕಾಲುವೆಗೆ ಬಿದ್ದವನ ಕಥೆಗೆ ಯಾರಾದರೂ ನಗುತ್ತಾರೆ. ಆದರೆ ವೀಬೆಗೆ ಅದು ಹೇಗೆ ಹೊಳೆಯಬೇಕು? ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ವೀಬೆಯದು ನೋಡುವ ಕೆಲಸ. ಅವನು ಸೇತುವೆ ಎತ್ತುವವನು. ಹಿಂದಿನವರ ಹಾಗೆ ಸೇತುವೆಯ ಪಕ್ಕದ ಗೂಡಿನಲ್ಲಿ ಕೂತು ಅಲ್ಲ. ಪಕ್ಕದೂರಿನ ಒಂದು ಕೋಣೆಯಲ್ಲಿ, ಸಾಲು ಸ್ಕ್ರೀನುಗಳ ಮುಂದೆ, ಕುರಿಸೇತುವೆಯೂ ಸೇರಿ ನಾಲ್ಕಾರು ಸೇತುವೆಗಳನ್ನು ನೋಡುತ್ತ. ದೋಣಿ ಬಂದರೆ ಗುಂಡಿ ಒತ್ತಿ ಗೇಟು ಬೀಳಿಸಿ, ಸೇತುವೆ ಎತ್ತಿ, ದೋಣಿ ದಾಟಿದ ಮೇಲೆ ಇಳಿಸಬೇಕು. ಕಂಬದ ಮೇಲೆ ಕ್ಯಾಮೆರಾ ಇದೆಯೆಂದು ಎಲ್ಲರಿಗೂ ಗೊತ್ತು, ಆದರೂ ಗೇಟಿನ ಮುಂದೆ ನಿಂತ ಕೂಡಲೇ ಮರೆಯುತ್ತಾರೆ. ಮೂಗಿನಲ್ಲಿ ಬೆರಳಾಡಿಸುತ್ತಾರೆ, ಜಗಳವಾಡುತ್ತಾರೆ, ಮುತ್ತಿಡುತ್ತಾರೆ. ವೀಬೆ ಅದನ್ನೆಲ್ಲ ರಾತ್ರಿ ಊಟಕ್ಕೆ ಉಪ್ಪಿನಕಾಯಿಯ ಹಾಗೆ ತಂದು ಬಡಿಸುತ್ತಿದ್ದ. ಮೊದಮೊದಲು ಹಿಸ್ಕೆ ನಗುತ್ತಿದ್ದಳು. ಆಮೇಲೆ ಒಮ್ಮೆ, “ಪಾಪ ಕಣೋ, ನೀನು ನೋಡ್ತಿದ್ದೀಯ ಅನ್ನೋದು ಅವರಿಗೆ ನೆನಪಿರಲ್ವಲ್ಲ” ಅಂದಳು. ಅಲ್ಲಿಂದಾಚೆ ಅವನು ಹೇಳುವುದನ್ನು ಕಡಿಮೆ ಮಾಡಿದ.

ಇಬ್ಬರಿಗೂ ಇದು ಎರಡನೆಯ ಮದುವೆ. ಹಿಸ್ಕೆಯ ಮೊದಲ ಗಂಡ ಅವಳ ಫೋನು, ಚೀಲ, ಕೋಟಿನ ಜೇಬು ಎಲ್ಲವನ್ನೂ ಕದ್ದು ತಡಕುತ್ತಿದ್ದ ಭೂಪ. ಡೊಕ್ಕುಮ್ ಊರಿನ ಈ ಮನೆಗೆ ಸಾಮಾನು ಇಳಿಸಿದ ದಿನವೇ ಅವಳು ವೀಬೆಗೆ ಹೇಳಿದ್ದಳು: “ಅನುಮಾನ ಬಂದ್ರೆ ಬಾಯಿ ಬಿಟ್ಟು ಕೇಳು. ಏನು ಬೇಕಾದ್ರೂ ಕೇಳು, ಹೇಳ್ತೀನಿ. ಕದ್ದು ಮಾತ್ರ ನೋಡ್ಬೇಡ. ನೋಡಿದ್ರೆ ನಾನು ಕೂಗಾಡೋದಿಲ್ಲ, ಎದ್ದು ಹೋಗ್ತೀನಿ, ಅಷ್ಟೆ.”

ವೀಬೆ ಆಗ ದೊಡ್ಡ ಮನುಷ್ಯನ ಹಾಗೆ ನಕ್ಕಿದ್ದ. “ನಾನೇನು ಅವನಾ?”

ಏಪ್ರಿಲ್ಲಿನ ಒಂದು ಸಂಜೆ ಬಟಾಣಿ ಸೂಪು ಬಡಿಸುತ್ತ ಹಿಸ್ಕೆ ಕೇಳಿದ್ದಳು, “ಇವತ್ತು ಕುರಿಸೇತುವೆ ಮೇಲೆ ಯಾರಾದ್ರೂ ಕಂಡ್ರಾ?”

“ಯಾರು ಕಾಣ್ತಾರೆ? ಬಾತುಕೋಳಿ ಕಂಡವು.”

ಅವಳು ತನ್ನಷ್ಟಕ್ಕೆ ನಕ್ಕಳು. ಆ ನಗು ವೀಬೆಯ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿತು. ಯಾಕೆ ಕೇಳಿದಳು? ಯಾಕೆ ನಕ್ಕಳು? ಕೇಳಿದ್ದರೆ ಅಲ್ಲೇ ಮುಗಿಯುತ್ತಿತ್ತು. ಕೇಳಲಿಲ್ಲ. ಹೊಟ್ಟೆಕಿಚ್ಚಿನವನಿಗೆ ಪ್ರಶ್ನೆ ಕೇಳುವುದೆಂದರೆ ಸೋತ ಹಾಗೆ.

ಶರತ್ಕಾಲಕ್ಕೆ ಹಿಸ್ಕೆಯ ಕಣ್ಣುನೋವು ಜಾಸ್ತಿಯಾಯಿತು. ಮಹಡಿಯ ಮೇಜಿಗೆ ಒಂದು ಚಿಕ್ಕ ಮಾನಿಟರ್ ತರುತ್ತೇನೆಂದಳು. ವೀಬೆಯ ತಲೆಯಲ್ಲಿ ದೀಪ ಹತ್ತಿತು.

“ಮಾನಿಟರ್ ಯಾಕೆ? ಹೇಗೂ ನಮ್ಮ ಟಿ.ವಿ. ಹಳೇದಾಯ್ತು. ಎರಡಕ್ಕೂ ಆಗೋ ಅಂಥದ್ದು ಒಂದು ತಂದ್ಬಿಡೋಣ. ಕೆಳಗೇ ಇಡೋಣ. ಹಗಲು ನಿನ್ನ ನಕಾಶೆ, ಸಂಜೆ ನನ್ನ ಐಸ್ ಸ್ಕೇಟಿಂಗ್ ಪಂದ್ಯ.”

ಅಂಗಡಿಯಲ್ಲಿ ದಪ್ಪ ಕನ್ನಡಕದ ಹೆಂಗಸೊಬ್ಬಳು ಇವರನ್ನು ಟಿ.ವಿ.ಗಳ ಗೋಡೆಯ ಮುಂದೆ ನಿಲ್ಲಿಸಿದಳು. “ಬಣ್ಣ ನೋಡಿ ಮರುಳಾಗ್ಬೇಡಿ. ಕಂಪ್ಯೂಟರಿಗೆ ಬೇಕು ಅಂದ್ರೆ ಅಕ್ಷರ ನೋಡಿ,” ಎಂದು ಒಂದೊಂದರಲ್ಲೂ ಒಂದು ಪುಟ ತೆರೆದು ತೋರಿಸಿದಳು. ಒಂದರಲ್ಲಿ ಅಕ್ಷರದ ಅಂಚಿಗೆ ಕೆಂಪು ನೀಲಿ ಹರಡಿತ್ತು. ಇನ್ನೊಂದರಲ್ಲಿ ಮೌಸ್ ಅಲ್ಲಾಡಿಸಿದರೆ ಬಾಣದ ಗುರುತು ಮುದಿ ಎತ್ತಿನ ಹಾಗೆ ಹಿಂದೆ ಹಿಂದೆ ಬಂತು. “ಇವೆಲ್ಲ ದೂರದ ಸೋಫಾದಿಂದ ನೋಡೋಕೆ ಸರಿ. ಮೇಜಿನ ಮೇಲಿಟ್ಟು ಕೆಲಸ ಮಾಡಿದ್ರೆ ತಲೆನೋವು ಗ್ಯಾರಂಟಿ.”

ಹಿಸ್ಕೆ ಒಂದು ಚಿಕ್ಕದರ ಮುಂದೆ ನಿಂತಳು. ಗೆರೆಗಳು ಸೂಜಿಯಲ್ಲಿ ಗೀರಿದಷ್ಟು ಸ್ಪಷ್ಟ. “ಇದೇ ಸಾಕು ನಂಗೆ.”

ವೀಬೆ ಏಡಿಯ ಹಾಗೆ ಅಡ್ಡಡ್ಡ ಸರಿದು ಪಕ್ಕಕ್ಕೆ ಹೋಗಿ ನೋಡಿದ. “ಪಕ್ಕದಿಂದ ಮಂಕಾಗಿದೆ.”

“ಪಕ್ಕದಿಂದ ಯಾರು ನೋಡ್ತಾರೆ?” ಅಂದಳು ಹಿಸ್ಕೆ.

“ಯಾರಾದ್ರೂ ನೋಡ್ತಾರಪ್ಪ. ನಾನು ಊಟದ ಮೇಜಿನಲ್ಲಿ ಕೂತಿರ್ತೀನಿ.”

ಅಂಗಡಿಯಾಕೆ ಕನ್ನಡಕದ ಮೇಲಿಂದ ನೋಡಿದಳು. “ಪಕ್ಕದವರಿಗೆ ಕಾಣ್ಬಾರ್ದು ಅಂತಲೇ ಕೆಲವರು ಇದನ್ನ ತಗೊಳ್ತಾರೆ.”

“ನಾವು ಆ ಥರದವರಲ್ಲ,” ಎಂದ ವೀಬೆ.

ಕೊನೆಗೆ ಆರಿಸಿದ್ದು ಅವನೇ. ದೊಡ್ಡದು, ಅಕ್ಷರ ಸ್ಪಷ್ಟ, ಯಾವ ಮೂಲೆಯಿಂದ ನೋಡಿದರೂ ಮಂಕಾಗದು, ಮೇಲೆ ಹೊಳಪಿಲ್ಲ. “ಇದರಲ್ಲಿ ಕಿಟಕಿ, ದೀಪ, ನಿಮ್ಮ ಮುಖ ಯಾವುದೂ ಪ್ರತಿಫಲಿಸೋದಿಲ್ಲ. ಬೇಕಾದ್ರೆ ಬೀದಿಯಿಂದಲೂ ಓದ್ಬಹುದು,” ಎಂದು ಅಂಗಡಿಯಾಕೆ ನಕ್ಕಳು. ವೀಬೆಯೂ ನಕ್ಕ.

ಕಾರಿನಲ್ಲಿ ಹಿಸ್ಕೆ ಟಿ.ವಿ.ಯ ರಟ್ಟಿನ ಪೆಟ್ಟಿಗೆಯನ್ನು ತಿರುಗಿ ನೋಡಿದಳು. ಆಮೇಲೆ ಅವನ ತೊಡೆಯ ಮೇಲೆ ಕೈಯಿಟ್ಟು, “ನಾನು ಮೇಲೆ ಒಬ್ಳೇ ಕೂರ್ತೀನಿ ಅಂತ ಬೇಜಾರಾಗಿತ್ತಾ ನಿಂಗೆ? ಮೊದ್ಲೇ ಹೇಳೋದಲ್ವಾ ಪೆದ್ದ,” ಅಂದಳು. ವೀಬೆಗೆ ಆ ಕ್ಷಣ ನಾಚಿಕೆಯಾಯಿತು. ನಾಚಿಕೆ ಮನೆ ತಲುಪುವವರೆಗೆ ಇತ್ತು, ರೂಲೋಫನ ಮೊದಲ ಕರೆ ಬರುವವರೆಗೆ ಇರಲಿಲ್ಲ.

ಏಕೆಂದರೆ ಈಗ ರೂಲೋಫ್ ಮನೆಯೊಳಗೇ ಬಂದ. ಗೋಡೆಯ ಮೇಲೆ, ಬಾಗಿಲಗಲದ ಮುಖ. ಉದ್ದ ಕತ್ತು, ಒರಟು ಉಣ್ಣೆಯ ಟೋಪಿ, ಗಾಳಿಗೆ ಸೋರುವ ಮೂಗು. ಚೆಲುವನಾಗಿದ್ದರೆ ವೀಬೆ ಹೇಗೋ ನುಂಗಿಕೊಳ್ಳುತ್ತಿದ್ದ. ಈ ಕೊಕ್ಕರೆಗಾ ಇಷ್ಟು ನಗು? ಊಟದ ಮೇಜಿನ ತನ್ನ ಕುರ್ಚಿಯಿಂದ, ಪಕ್ಕದಿಂದ, ಒಂದಿಷ್ಟೂ ಮಂಕಾಗದ ರೂಲೋಫನನ್ನು ಅವನು ದಿನವೂ ನೋಡಿದ. ತಾನೇ ಆರಿಸಿ ತಂದ ಟಿ.ವಿ.ಯಲ್ಲಿ! ಅವನು ಹೇಳುವುದೆಲ್ಲ ಮುರಿದ ದಾರಿ, ಮುಳುಗಿದ ಬೂಟು. ಅಷ್ಟೇ ಆಗಿದ್ದರಿಂದಲೇ ವೀಬೆಯ ಅನುಮಾನ ಬಲಿಯಿತು. ನಾನು ಕೂತಿದ್ದೇನೆಂದು ಜೋಪಾನವಾಗಿ ಮಾತಾಡುತ್ತಿದ್ದಾರೆ, ಕಳ್ಳರು.

ಗುರುವಾರ ಸಂಜೆ ಹಿಸ್ಕೆ ಚರ್ಚಿನ ಹಾಡಿನ ತಂಡಕ್ಕೆ ಹೋಗುತ್ತಾಳೆ. ಆ ಗುರುವಾರ ಲ್ಯಾಪ್‌ಟಾಪನ್ನು ಟಿ.ವಿ.ಗೆ ಸಿಕ್ಕಿಸಿದ ಹಾಗೇ, ಮುಚ್ಚದೆ, ಬೀಗ ಹಾಕದೆ ಹೋಗಿದ್ದಳು. ಗಂಡನನ್ನು ನಂಬಿದ ಹೆಂಗಸು ಮತ್ತೇನು ಮಾಡುತ್ತಾಳೆ?

ವೀಬೆ ಕಾಫಿ ಮಾಡಿಕೊಂಡ. ಡಬ್ಬಿಯಿಂದ ಒಂದು ಬಿಸ್ಕತ್ತು ತೆಗೆದು ಡಬ್ಬಿ ಮುಚ್ಚಿದ. ಸ್ವಲ್ಪ ಹೊತ್ತು ಸ್ಕೇಟಿಂಗ್ ನೋಡಿದ. ಆಮೇಲೆ ಎದ್ದು, ಕತ್ತಲಾಗಿದೆಯೆಂದು ದೀಪ ಹಾಕಿ, ಕಿಟಕಿಗೆ ಬೆನ್ನು ಮಾಡಿ ಅವಳ ಕುರ್ಚಿಯಲ್ಲಿ ಕೂತು, ಟಿ.ವಿ.ಯಲ್ಲಿ ಸ್ಕೇಟಿಂಗ್ ಬಿಟ್ಟು ಅವಳ ಲ್ಯಾಪ್‌ಟಾಪ್ ತೆರೆದ. ರೂಲೋಫ್ ಕಳಿಸಿದ ಚಿತ್ರಗಳನ್ನೆಲ್ಲ ಅವಳು ಒಂದೇ ಕಡೆ ಇಟ್ಟಿದ್ದಳು. ಏರಿ, ಕುರಿ, ಬೆಂಚು, ಮತ್ತೆ ಏರಿ. ಬೇಸರ ಬಂದು ಬಿಡಬೇಕು ಅನ್ನುವಷ್ಟರಲ್ಲಿ ಅದು ಸಿಕ್ಕಿತು.

ಒಂದು ಬೆಂಚಿನ ಮೇಲೆ ಹಿಸ್ಕೆ ಮತ್ತು ರೂಲೋಫ್. ನಡುವೆ ಕರಿದ ಮೀನಿನ ಪೊಟ್ಟಣ. ಹಿಸ್ಕೆಯ ಕೈ ಅವನ ತೋಳಿನ ಮೇಲೆ. ಏಪ್ರಿಲ್ಲಿನ ಚಿತ್ರ.

ವೀಬೆ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಚಿತ್ರವನ್ನು ದೊಡ್ಡದು ಮಾಡಿದ. ಇನ್ನೂ ದೊಡ್ಡದು ಮಾಡಿದ. ಅವಳ ಮುಖ ಅಂಚಿಗೆ ಹೋಯಿತು, ಬೆಂಚು ಹೋಯಿತು, ಮೀನು ಹೋಯಿತು. ಕೊನೆಗೆ ಗೋಡೆಯಗಲಕ್ಕೆ ಉಳಿದದ್ದು ತೋಳೊಂದನ್ನು ಹಿಡಿದ ಕೈ, ಉಗುರಿನ ಗೆರೆಗಳು ಕಾಣುವಷ್ಟು ಸ್ಪಷ್ಟ. ಒಳ್ಳೆಯ ಟಿ.ವಿ.ಯನ್ನೇ ಆರಿಸಿದ್ದ ಮಹರಾಯ. “ಸಿಕ್ಕಿಬಿದ್ದೆಯಲ್ಲೇ,” ಎಂದು ಆ ಕೈಗೆ ಹೇಳಿದ. ಹೇಳಿದ್ದಕ್ಕೆ ಒಂದು ಕೆಟ್ಟ ಸಮಾಧಾನವೂ ಆಯಿತು.

ನಮ್ಮ ಡೊಕ್ಕುಮ್ ಊರಿನಲ್ಲಿ ಕಿಟಕಿಯ ಪರದೆ ಎಳೆಯುವ ಪದ್ಧತಿಯಿಲ್ಲ. ಕಿಟಕಿಗಳು ಗೋಡೆಯಷ್ಟು ದೊಡ್ಡವು, ಸಂಜೆ ದೀಪ ಹಾಕಿದರೆ ಒಳಗಿನದೆಲ್ಲ ಬೀದಿಗೆ. ಹಾಗಂತ ಯಾರೂ ಇಣುಕುವುದಿಲ್ಲ. ನೋಡಿದವರೂ ನೋಡದವರ ಹಾಗೆ ಹೋಗುತ್ತಾರೆ. ಪರದೆ ಎಳೆದವರ ಮನೆಯನ್ನು ಮಾತ್ರ ಎಲ್ಲರೂ ನೋಡುತ್ತಾರೆ, ಒಳಗೇನೋ ಇದೆ ಎಂದು. ವೀಬೆ ಹುಟ್ಟಿದಾಗಿನಿಂದ ಹೀಗೇ ಬದುಕಿದವನು, ಕಿಟಕಿಯೊಂದು ಇದೆಯೆಂಬುದೇ ಅವನಿಗೆ ಮರೆತುಹೋಗಿತ್ತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಹಳೆಯ ಹೊಳಪಿನ ಟಿ.ವಿ. ಆಗಿದ್ದರೆ ಬೆನ್ನ ಹಿಂದೆ ನಿಂತವರ ಸೈಕಲ್ ದೀಪವಾದರೂ ಅದರಲ್ಲಿ ಕಾಣುತ್ತಿತ್ತು.

ಎದುರುಮನೆಯ ಮಿಂಕೆ ಅಜ್ಜಿಯ ನಾಯಿ ಬೊಗಳಿದಾಗ ಅವನು ತಿರುಗಿದ. ಕಿಟಕಿಯಾಚೆ ಹಾಡಿನ ತಂಡದ ಐದಾರು ಹೆಂಗಸರು ಸೈಕಲ್ ಹಿಡಿದು ನಿಂತಿದ್ದರು. ಒಬ್ಬಳು ಕಳಚದೇ ಇದ್ದ ಚೈನು ಸರಿಮಾಡುತ್ತಿದ್ದಳು, ಒಬ್ಬಳು ಆಕಾಶ ನೋಡುತ್ತಿದ್ದಳು. ನಡುವೆ ಹಳದಿ ಮಳೆಕೋಟಿನ ಹಿಸ್ಕೆ, ನೇರವಾಗಿ ಒಳಗೆ ನೋಡುತ್ತಿದ್ದಳು. ಬಹಳ ಹೊತ್ತಿನಿಂದ ನಿಂತವಳ ನಿಲುವು ಅದು.

ಮಿಂಕೆ ಅಜ್ಜಿಗೆ ಮಾತ್ರ ಈ ನಾಜೂಕೆಲ್ಲ ಇಲ್ಲ. “ನಿನ್ನ ಕೈ ಅಲ್ವೇನೇ ಅದು ಹಿಸ್ಕೆ? ಉಂಗುರದ ಮೇಲೆ ಗೊತ್ತಾಯ್ತು,” ಎನ್ನುತ್ತಿದ್ದುದು ಗಾಜಿನ ಈಚೆಗೂ ಕೇಳಿತು.

ಹಿಸ್ಕೆ ಒಳಗೆ ಬಂದಳು. ಕೋಟು ತೆಗೆಯಲಿಲ್ಲ. ಮೊದಲು ಕಿಟಕಿಗೆ ಹೋಗಿ, ಎಂದೂ ಎಳೆಯದ, ತುಕ್ಕು ಹಿಡಿದ ಬಳೆಗಳ ಪರದೆಯನ್ನು ಎರಡೂ ಕೈಯಲ್ಲಿ ಎಳೆದಳು. ಆ ಸದ್ದಿಗೆ ವೀಬೆ ಎದ್ದು ನಿಂತ.

“ಇದೇನು?” ಎಂದ ಅವನು, ಗೋಡೆಯ ಕೈ ತೋರಿಸಿ. ಈಗ ಕೇಳಿದ!

ಅವಳು ಮೌಸ್ ತೆಗೆದುಕೊಂಡು ಚಿತ್ರವನ್ನು ಚಿಕ್ಕದು ಮಾಡುತ್ತ ಬಂದಳು. ಮೀನು ಬಂತು, ಬೆಂಚು ಬಂತು, ರೂಲೋಫನ ಪೆಚ್ಚು ಮುಖ ಬಂತು. ಅವನ ತೋಳನ್ನು ಹಿಡಿದು ಅವಳು ಯಾವುದೋ ಕಡೆಗೆ ತಿರುಗಿಸುತ್ತಿದ್ದಳು. ಅವಳ ಇನ್ನೊಂದು ಕೈ ಮೇಲೆತ್ತಿತ್ತು, ಐದೂ ಬೆರಳು ಬಿಚ್ಚಿ, ಯಾರಿಗೋ ಬೀಸುತ್ತ. ಹಿಂದೆ ಬಿಳಿ ಕಟಕಟೆ, ಬಾಗಿದ ದೀಪದ ಕಂಬ. ವೀಬೆ ನಿದ್ದೆಯಲ್ಲೂ ಗುರುತಿಸಬಲ್ಲ ಜಾಗ.

“ಕುರಿಸೇತುವೆ,” ಎಂದ.

“ನಿನ್ನ ಕ್ಯಾಮೆರಾ. ನಿನ್ನ ಡ್ಯೂಟಿ. ಆವತ್ತೊಂದಿನ ದಾರಿ ನೋಡೋಕೆ ನಾನೂ ಹೋಗಿದ್ದೆ. ನನ್ನ ಗಂಡ ನೋಡ್ತಿರ್ತಾನೆ ಕಣೋ, ನೀನೂ ಕೈ ಬೀಸು ಅಂತ ರೂಲೋಫನ್ನ ತಿರುಗಿಸ್ತಿದ್ದೆ. ದಾರೀಲಿ ಹೋಗ್ತಿದ್ದವರ ಕೈಗೆ ಫೋನ್ ಕೊಟ್ಟು ಚಿತ್ರ ತೆಗೆಸಿದ್ದು.” ಅವಳ ದನಿ ಏರಲಿಲ್ಲ. “ಸಂಜೆ ನಾನು ಕೇಳಿದೆ, ಯಾರಾದ್ರೂ ಕಂಡ್ರಾ ಅಂತ. ಬಾತುಕೋಳಿ ಅಂದೆ ನೀನು.”

ವೀಬೆಗೆ ಆ ಮಧ್ಯಾಹ್ನ ಚೆನ್ನಾಗಿ ನೆನಪಿತ್ತು. ಸ್ಕ್ರೀನುಗಳ ಕಡೆ ಅವನು ನೋಡಿರಲೇ ಇಲ್ಲ. ಮೇಜಿನ ಕೆಳಗೆ ಫೋನು ಹಿಡಿದು ರೂಲೋಫ್ ಯಾರು, ಎಂಥವನು, ಹೆಂಡತಿ ಇದ್ದಾಳೋ ಇಲ್ಲವೋ ಎಂದು ಹುಡುಕುತ್ತಿದ್ದ.

“ಹಿಸ್ಕೆ, ನಂದು ತಪ್ಪಾಯ್ತು ಕಣೇ.”

“ಕೇಳಿದ್ರೆ ಹೇಳ್ತಿದ್ದೆ,” ಅಂದಳು. ಲ್ಯಾಪ್‌ಟಾಪನ್ನು ಕಿತ್ತುಕೊಂಡು ಮಹಡಿ ಹತ್ತಿದಳು. ಟಿ.ವಿ. ನೀಲಿಯಾಗಿ ಖಾಲಿ ನಿಂತಿತು. ಮೇಲಿನಿಂದ ನಗುವಾಗಲಿ ಅಳುವಾಗಲಿ ಕೇಳಲಿಲ್ಲ.

ಮರುದಿನ ವೀಬೆ ಕೆಲಸಕ್ಕೆ ಹೊರಟಾಗಲೂ ಆ ಬಾಗಿಲು ಹಾಕಿಯೇ ಇತ್ತು. ಇಡೀ ದಿನ ಅವನು ಬೇರೆ ಸೇತುವೆಗಳನ್ನು ಕೈಯ ಅಭ್ಯಾಸದಿಂದ ಎತ್ತಿ ಇಳಿಸಿದ. ಕಣ್ಣು ಕುರಿಸೇತುವೆಯ ಮೇಲೇ ಇತ್ತು. ಹಿಸ್ಕೆಯ ಅಕ್ಕನ ಊರಿಗೆ ಹೋಗುವ ದಾರಿ ಅದು.

ಮಧ್ಯಾಹ್ನ ಹಳದಿ ಕೋಟು ಕಾಣಿಸಿತು. ಸೈಕಲ್ಲಿನ ಹಿಂದೆ ಎರಡೂ ಕಡೆ ತುಂಬಿ ಉಬ್ಬಿದ ಚೀಲ. ದೋಣಿಯೊಂದು ಇನ್ನೂ ದೂರದಲ್ಲಿತ್ತು. ಅವಳು ದಾಟುವವರೆಗೆ ಕಾಯಬಹುದಿತ್ತು. ವೀಬೆ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿ, ಗೇಟು ಬಿದ್ದು, ಅವಳು ಕ್ಯಾಮೆರಾ ಕಂಬದ ಕೆಳಗೇ ಒಂದು ಕಾಲು ಊರಿ ನಿಂತಳು.

ಅವಳ ಮುಖವನ್ನು ದೊಡ್ಡದು ಮಾಡಲು ಅವನ ಕೈ ಹೋಯಿತು. ಅರ್ಧಕ್ಕೇ ತಡೆದು, ಅವಳು ಪೂರ್ತಿ ಕಾಣುವ ಹಾಗೆ ಬಿಟ್ಟ. ದೋಣಿ ಬಂತು, ನಿಧಾನವಾಗಿ ದಾಟಿತು, ಸೇತುವೆ ಇಳಿಯಿತು. ಅಷ್ಟೂ ಹೊತ್ತು ಹಿಸ್ಕೆ ನೀರನ್ನು ನೋಡುತ್ತಿದ್ದಳು. ಎರಡೂ ಕೈ ಸೈಕಲ್ಲಿನ ಹ್ಯಾಂಡಲ್ ಮೇಲೇ ಇದ್ದವು.